ಅಮಾಸಿಗೊಮ್ಮೆ ಕೆಡ್ತಿದ್ದ ಕಾಟಾ

ಸ್ಕ್ರೀನ್ ಮ್ಯಾಲ ಸೊನ್ನಿ. ಹೊರಗ ತೂಕದ ಕಾಟಾ ಮ್ಯಾಲ ಅದಿರು ತುಂಬಿದ ಲಾರಿ ನಿಂತಿತ್ತು, ಅದರ ಹಿಂದ ಇನ್ನ ಹನ್ನೆರಡು ಲಾರಿ. ಟೇಬಲ್ ಮ್ಯಾಲಿನ ಇಂಡಿಕೇಟರ್ ಡಬ್ಬಿ ಕೆಂಪು ಅಂಕಿಯಾಗ ಇಪ್ಪತ್ತೈದು ಟನ್ ಅಂತ ತೋರಸ್ತಿತ್ತು. ಅದರ ಮಗ್ಗಲಕ್ಕಿದ್ದ ಕಂಪ್ಯೂಟರ್ ಸೊನ್ನಿ ಅಂತಿತ್ತು. ನಡುವ ಒಂದು ಮೊಳ ವೈರು. ಆ ಒಂದು ಮೊಳದಾಗ ಇಪ್ಪತ್ತೈದು ಟನ್ ಎಲ್ಲಿ ಹೋಗಾಕ ಹತ್ತೈತಿ ಅಂತ ನಂಗ ತಿಳೀವಲ್ದು.

ಒಬ್ಬ ಡ್ರೈವರ್ ಕಿಟಕ್ಯಾಗ ಮಾರಿ ಇಟ್ಟು ತೆಲುಗಿನಾಗ ಕೇಳಿದ. "ಏಮಯ್ಯಾ, ಈ ರೋಜಾ, ರೇಪಾ?" ಇವತ್ತು ಆಗ್ತೈತೋ ನಾಳಿಗೋ ಅಂತ.

"ಆಗ್ತೈತಿ, ಸುಮ್ನ ನಿಂದ್ರು," ಅಂದೆ.

"ನಿಂತ ಅದೀನಲ್ಲಪ್ಪ ಮುಂಜಾನಿಂದ. ಕುಂದ್ರು ಅಂತ ಹೇಳಿದ್ರ ಬೇಷಿತ್ತು," ಅಂದು ಬೀಡಿ ಹಚ್ಚಿಕೊಂಡು ಹೋದ.

ಹೊರಗ ಬೇವಿನ ಗಿಡದ ಬುಡಕ್ಕ ಮಾಬುಸಾಬ್ರು ಕುಂತಿದ್ರು. ಹನ್ನೊಂದು ವರ್ಷದಿಂದ ಆ ಕಾಟಾ ನಡಸಿದ ಮನುಷ್ಯಾ. ಅವತ್ತು ಮುಂಜಾನಿ ಮ್ಯಾನೇಜರ್ ಈರಣ್ಣ ಅವರ ಕೈಯಾಗಿಂದ ಕ್ಯಾಬಿನ್ ಚಾವಿ ಕಸಗೊಂಡಿದ್ದ. "ಈ ಹುಡುಗ ಏನಾಗೈತಿ ಅಂತ ಹೇಳ್ಲಿ, ಆಮ್ಯಾಲ ನಿಂದು ನೋಡಾಮು," ಅಂದಿದ್ದ. ಹುಡುಗ ಅಂದ್ರ ನಾನು.

ಇದು 2009ರ ಮಾತು. ಬಳ್ಳಾರ್ಯಾಗ ಮೈನ್ಸ್ ಜೋರಿದ್ದಾಗ. ನಾನು ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟವ. ಗಾಂಧಿನಗರದಾಗ ಒಂದು ಕಂಪ್ಯೂಟರ್ ರಿಪೇರಿ ಅಂಗಡ್ಯಾಗ ಕೆಲಸ ಮಾಡ್ತಿದ್ದೆ. ಅಲ್ಲಿ ಮೊದ್ಲ ಒಬ್ಬ ಇಂಜಿನಿಯರ್ ಇದ್ದ, ಅವ ಬಿಟ್ಟು ಹೋಗುವಾಗ ಒಂದು ನೋಟ್‌ಬುಕ್ ಕೊಟ್ಟು ಹೋದ. ಅದರ ತುಂಬ ಲಿನಕ್ಸ್ ಕಮಾಂಡ್. ನಂಗ ಇಂಗ್ಲಿಷ್ ಕೂಡಿಸಿ ಓದಾಕ ಬರ್ತಿತ್ತು, ಅರ್ಥ ಆಗ್ತಿದ್ದಿಲ್ಲ. ಅದರಾಗ ಹೆಂಗೈತಿ ಹಂಗ ಹೊಡಿಯಾದು, ಏನಾಗ್ತೈತಿ ನೋಡಾದು. ಹಂಗ ಕಲ್ತೆ.

ಇರಾದು ಪಾರ್ವತಿನಗರದಾಗ ಒಂದು ಖೋಲಿ, ಒಬ್ಬನ. ಅವ್ವ ಸತ್ತ ಮ್ಯಾಲ ಅಪ್ಪ ಇನ್ನೊಂದು ಮದಿವಿ ಆದ, ನಾ ಆ ಮನಿಗೆ ಹೋಗಾದು ಬಿಟ್ಟೆ. ಒಂದೊಂದು ದಿನ ಮುಂಜಾನಿಂದ ಸಂಜಿತನ ಹತ್ತು ಮಾತು ಆಡಿರ್ತಿದ್ದಿಲ್ಲ. ಅದರಾಗ "ಚಾ ಕೊಡು", "ಎಷ್ಟಾತು" ಅನ್ನಾವು ಎರಡು. ಕಂಪ್ಯೂಟರ್ ಮುಂದ ಕುಂತ್ರ ಮಾತು ಬೇಕಾಗಿದ್ದಿಲ್ಲ, ಅದು ನಂಗ ಚಲೋ ಅನಸ್ತಿತ್ತು. ಇದನ್ನ ಯಾಕ ಹೇಳಾಕ ಹತ್ತೀನಿ ಅಂದ್ರ, ಮಂದಿ ಕೂಡ ಮಾತಾಡಾ ರೂಢಿ ನಂಗ ಇದ್ದಿಲ್ಲ. ಮುಂದ ಆಗಿದ್ದಕ್ಕ ಅದೂ ಒಂದು ಕಾರಣ.

ಕಾಟಾ ಅಂದ್ರ ಲಾರಿ ತೂಗಾ ತಕ್ಕಡಿ. ನೆಲದಾಗ ಒಂದು ದೊಡ್ಡ ಕಬ್ಬಿಣದ ಹಾಸು, ಲಾರಿ ಅದರ ಮ್ಯಾಲ ಹತ್ತಿ ನಿಂದ್ರತೈತಿ. ತೂಕ ಮೊದ್ಲ ಇಂಡಿಕೇಟರ್ ಡಬ್ಬಿಗೆ ಬರ್ತೈತಿ, ಅಲ್ಲಿಂದ ವೈರಿನಾಗ ಕಂಪ್ಯೂಟರಿಗೆ, ಕಂಪ್ಯೂಟರ್ ಚೀಟಿ ಹೊಡಿತೈತಿ. ಕೈಲೆ ಬರದ ಚೀಟಿ ಫ್ಯಾಕ್ಟರಿ ಗೇಟಿನಾಗ ನಡೀತಿದ್ದಿಲ್ಲ. ನಮ್ಮ ಕಾಟಾ ಬಳ್ಳಾರಿಯಿಂದ ಕುರುಗೋಡಿಗೆ ಹೋಗಾ ರೋಡಿನಾಗಿತ್ತು. ಒಂದು ಮೈಲಿ ಮುಂದ ಇನ್ನೊಬ್ಬರ ಕಾಟಾ ಇತ್ತು. ನಮ್ದು ಕೆಟ್ರ ಲಾರಿ ಎಲ್ಲಾ ಆ ಕಡಿ ಹೋಗ್ತಿದ್ವು.

ಅಲ್ಲಿನ ಹಳೆ ಕಂಪ್ಯೂಟರ್ ಸತ್ತಿತ್ತು. ತೂಕದ ಸಾಫ್ಟ್‌ವೇರ್ ವಿಂಡೋಸ್ 98ರಾಗ ಮಾತ್ರ ನಡಿಯಾದು. ಹೊಸ ಕಂಪ್ಯೂಟರಿನಾಗ ವಿಂಡೋಸ್ 98 ಕುಂದ್ರಂಗಿಲ್ಲ. ಸಾಫ್ಟ್‌ವೇರ್ ಮಾಡಿದವ ಎಲ್ಲಿ ಹೋದ್ನೋ ಯಾರಿಗೂ ಗೊತ್ತಿಲ್ಲ. ಅದಕ್ಕ ನಾ ಹೊಸ ಕಂಪ್ಯೂಟರಿನಾಗ ಲಿನಕ್ಸ್ ಹಾಕಿದೆ, ಲಿನಕ್ಸಿನಾಗ ವರ್ಚುವಲ್ ಮಷಿನ್ ಹಾಕಿದೆ, ಅದರಾಗ ವಿಂಡೋಸ್ 98 ಹಾಕಿದೆ. ವರ್ಚುವಲ್ ಮಷಿನ್ ಅಂದ್ರ ಕಂಪ್ಯೂಟರ್ ಒಳಗ ಇನ್ನೊಂದು ಕಂಪ್ಯೂಟರ್. ಮನಿಯೊಳಗ ಒಂದು ಖೋಲಿ ಬಾಡಿಗಿ ಕೊಟ್ಟಂಗ. ಒಳಗಿದ್ದವನಿಗೆ ಬೀದಿ ಕಾಣಂಗಿಲ್ಲ. ಹೊರಗಿನ ಮನಿಯವ ಏನ್ ಒಳಗ ಕೊಡ್ತಾನೋ ಅದ ಅವನಿಗೆ ಪ್ರಪಂಚ.

ಹೊಸ ಕಂಪ್ಯೂಟರಿಗೆ ಹಳೆ ನಮೂನಿ ಸೀರಿಯಲ್ ಪೋರ್ಟ್ ಇದ್ದಿಲ್ಲ. ಅದಕ್ಕ ಎರಡು ಯುಎಸ್‌ಬಿ ಕನ್ವರ್ಟರ್ ವೈರ್ ತಂದು ಹಾಕಿದೆ. ಒಂದು ಇಂಡಿಕೇಟರಿಂದ ತೂಕ ತರಾಕ. ಇನ್ನೊಂದು ಹೊರಗಿನ ದೊಡ್ಡ ಬೋರ್ಡಿಗೆ ತೂಕ ಕಳಸಾಕ, ಡ್ರೈವರ್ ಮಂದಿ ನೋಡಾಕ ಅಂತ ಇರ್ತೈತಲ್ಲ, ಅದು. ಎರಡೂ ಒಂದ ಕಂಪನೀವು, ಒಂದ ಬಣ್ಣ, ಒಂದ ಉದ್ದ. ಲಿನಕ್ಸ್ ಅವಕ್ಕ ಸೊನ್ನಿ, ಒಂದು ಅಂತ ನಂಬರ್ ಕೊಡ್ತು. ಸೊನ್ನಿ ನಂಬರಿಂದ ತೂಕ ತಗೋ, ಒಂದು ನಂಬರಿಗೆ ತೂಕ ಕಳಸು ಅಂತ ವರ್ಚುವಲ್ ಮಷಿನ್‌ಗೆ ಸೆಟ್ಟಿಂಗ್ ಬರದೆ. ನಡೀತು. ಎಲ್ಲಾರೂ ಭೇಷ್ ಅಂದ್ರು.

ಒಂದು ತಿಂಗಳಿಗೆ ಕೆಡ್ತು. ನಾ ಹೋಗಿ ಕಂಪ್ಯೂಟರ್ ಅಂಗಡಿಗೆ ಹೊತ್ತು ತಂದು, ವರ್ಚುವಲ್ ಮಷಿನ್ ಕಿತ್ತು ಹೊಸದು ಹಾಕಿ, ತಿರುಗಿ ಒಯ್ದು ಜೋಡಿಸಿದೆ. ನಡೀತು. ಸಾಫ್ಟ್‌ವೇರ್ ಕೆಟ್ಟಿತ್ತು ಅಂದೆ. ಮುಂದಿನ ತಿಂಗಳು ಏನೂ ಆಗ್ಲಿಲ್ಲ. ಅದರ ಮುಂದಿನ ತಿಂಗಳು ಮತ್ತ ಕೆಡ್ತು. ಮತ್ತ ಅದ ಕೆಲಸ. ಬೆಳಕಿಗೆ ಅಂತ ಕಂಪ್ಯೂಟರ್ ಡಬ್ಬಿ ಬಾಗಲಕ್ಕ ತಂದು, ಎಲ್ಲಾ ಕಿತ್ತು, ಹೊಸದು ಹಾಕಿ, ತಿರುಗಿ ಜೋಡಿಸಿದೆ. ನಡೀತು. ಯಾಕ ನಡೀತು ಅಂತ ನಂಗ ಗೊತ್ತಿಲ್ಲ. ಕಾಟಾದ ಮಾಲಕರು ಪಂಪಾಪತಿ ಸಾವುಕಾರ್ರು ಫೋನಿನಾಗ ಕೇಳಿದ್ರು, "ಏನಾಗಿತ್ತಲೇ?"

ಗೊತ್ತಿಲ್ಲ ಅನ್ನಾಕ ಬಾಯಿ ಬರ್ಲಿಲ್ಲ. "ಯಾರೋ ಕೈ ಆಡಿಸ್ಯಾರ್ರಿ," ಅಂದೆ.

ಕ್ಯಾಬಿನ್‌ನಾಗ ಇದ್ದವ್ರು ಒಬ್ಬರ. ಯಾರೋ ಅಂದ್ರ ಯಾರು. ಅಷ್ಟು ಯೋಚನಿ ನಂಗ ಬರ್ಲಿಲ್ಲ. ನನ್ನ ಮ್ಯಾಲ ಬರದಿದ್ರ ಸಾಕಾಗಿತ್ತು. ನಮ್ಮ ಅಂಗಡಿ ಮಾಲಕ ಮೊದ್ಲ ಹೇಳಿದ್ದ, ಆ ಕಾಟಾ ನಿನ್ನ ತಪ್ಪಿಂದ ಕೆಟ್ಟಿದ್ರ ನೀ ಬ್ಯಾರೆ ಅಂಗಡಿ ನೋಡ್ಕ ಅಂತ.

ಈಗ ಮೂರನೇ ಸಲ. ಹಿಂದಿನ ದಿನ ಅಮಾಸಿ ಪೂಜಿ ಆದ ಮ್ಯಾಲ ಕೆಟ್ಟಿತ್ತು. ಈರಣ್ಣ ಲೆಕ್ಕ ಹಾಕಿಬಿಟ್ಟಿದ್ದ. "ಮೂರು ಸಲಾನೂ ಅಮಾಸಿ ದಿನ. ಪೂಜಿ ಮುಗಿಯಾದ ತಡ, ಕೆಡ್ತೈತಿ. ಮುಂದಿನ ಕಾಟಾದವ್ರ ಕೂಡ ಸಾಬ ಸೇರ್ಯಾನ. ಇಲ್ಲಾಂದ್ರ ಲಾರಿ ಎಲ್ಲಾ ಆ ಕಡಿ ಯಾಕ ಹೋಗ್ತಾವು?"

ನಮ್ಮ ಕಡಿ ಅಮಾಸಿಗೆ ಗಾಡಿ, ಮಷಿನ್, ತಕ್ಕಡಿ, ಏನಿರ್ತೈತೋ ಅದಕ್ಕ ಪೂಜಿ ಮಾಡ್ತಾರ. ಬೂದಗುಂಬಳ ಒಡದು, ನಿಂಬಿಹಣ್ಣು ಕಟ್ತಾರ. ಅದು ನಂಗ ಗೊತ್ತಿದ್ದದ್ದ. ಕಂಪ್ಯೂಟರ್ ಮ್ಯಾಲ ಕುಂಕುಮ ಕಂಡಿದ್ದೆ. ಅದರಾಗೇನೈತಿ ಅಂತ ಬಿಟ್ಟಿದ್ದೆ.

ಮುಂಜಾನಿ ಒಂಬತ್ತಕ್ಕ ಕುಂತವ ಎರಡು ಗಂಟಿತನ ಎದ್ದಿಲ್ಲ. ಈ ಸಲ ಡಬ್ಬಿ ಅಲಗಾಡಸ್ಲಿಲ್ಲ, ಬರೇ ಸಾಫ್ಟ್‌ವೇರ್ ಹುಡುಕಿದೆ. ಲಾಗ್ ಓದಿದೆ. ಲಾಗ್ ಅಂದ್ರ ಕಂಪ್ಯೂಟರ್ ತಾನ ಏನ್ ಮಾಡಿದೆ ಅಂತ ಬರಕೊಂಡಿರಾ ಡೈರಿ. ಸೊನ್ನಿ ಪೋರ್ಟ್ ಸಿಕ್ತು, ಒಂದನೇ ಪೋರ್ಟ್ ಸಿಕ್ತು, ತಪ್ಪೇನಿಲ್ಲ ಅಂತ ಬರದಿತ್ತು. ವರ್ಚುವಲ್ ಮಷಿನ್ ಎರಡು ಸಲ ತಗದು ಹಾಕಿದೆ. ಸೊನ್ನಿ. ಪೂರ್ತಿ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ. ಸೊನ್ನಿ. ನೋಟ್‌ಬುಕ್ ಮೊದ್ಲಿಂದ ಕಡೀತನ ತಿರುವಿದೆ. ಸುತ್ತ ಕೆಂಪು ಧೂಳು, ಕೀಬೋರ್ಡಿನಾಗ ಧೂಳು, ನನ್ನ ಹಲ್ಲಿನಾಗ ಧೂಳು. ಕೇಳಾಕ ಯಾರೂ ಇಲ್ಲ. ಬಳ್ಳಾರ್ಯಾಗ ಇದನ್ನ ತಿಳಿದವ್ರು ನಂಗ ಯಾರೂ ಗೊತ್ತಿದ್ದಿಲ್ಲ. ಆ ಇಂಜಿನಿಯರ್ ನಂಬರಿಗೆ ಹಚ್ಚಿದೆ, ಆ ನಂಬರ್ ಬಂದ್ ಆಗಿತ್ತು.

ಎರಡು ಗಂಟಿಗೆ ಮಾಬುಸಾಬ್ರು ಬಾಗಲಕ್ಕ ಬಂದ್ರು. "ನನ್ನ ಊಟದ ಡಬ್ಬಿ ಒಳಗೈತಿ ತಮ್ಮಾ, ತಗೋಂತೀನಿ," ಅಂದ್ರು. ಹನ್ನೊಂದು ವರ್ಷ ಕುಂತ ಖೋಲಿಗೆ ಕೇಳಿ ಬಂದ್ರು.

"ತಗೋರಿ ಚಾಚಾ."

ಡಬ್ಬಿ ತಗೊಂಡ್ರು, ಹೋಗ್ಲಿಲ್ಲ. "ಉಂಡಿಲ್ಲಲ್ಲ ನೀನು."

"ಹಸಿವಿಲ್ಲ."

"ಹಸಿವಿಲ್ಲ ಅನ್ನಾ ವಯಸ್ಸೇನು ನಿಂದು. ತಗೋ, ರೊಟ್ಟಿ, ಪುಂಡಿಪಲ್ಯ. ಖಾರ ಐತಿ, ನೋಡ್ಕೊಂಡು ತಿನ್ನು."

ಇಬ್ಬರೂ ನೆಲಕ್ಕ ಕುಂತು ತಿಂದ್ವಿ. ಮೂರು ಸಲ ಬಂದಿದ್ದೆ, ಅವರ ಕೂಡ ನಾಕು ಮಾತು ಆಡಿದ್ದಿಲ್ಲ. ಹೆಂಡತಿ ತೀರಿಕೊಂಡು ಆರು ವರ್ಷ, ಮಗಳನ್ನ ಸಿರುಗುಪ್ಪಕ್ಕ ಕೊಟ್ಟೈತಿ, ಊಟ ನಿದ್ದಿ ಎಲ್ಲಾ ಈ ಕ್ಯಾಬಿನ್‌ನಾಗ ಅಂತ ಅವತ್ತ ಗೊತ್ತಾಗಿದ್ದು. "ಇದು ಹೋತಂದ್ರ ಮಗಳ ಮನಿ ಒಂದ ಗತಿ. ಅಳಿಯ ಒಳ್ಳ್ಯಾವ. ಒಳ್ಳ್ಯಾವನ ಮನ್ಯಾಗ ಕುಂತು ತಿನ್ನಾದು ಇನ್ನ ಕಷ್ಟ," ಅಂದ್ರು.

ತಿಂದು ಕೈ ತೊಳಕೊಂಡು ಬಂದವ್ರು ಕಂಪ್ಯೂಟರ್ ಡಬ್ಬಿ ಮ್ಯಾಲ ಬೆರಳು ಎಳದ್ರು. ಬೆರಳು ಕೆಂಪಾತು. "ನಿನ್ನೆ ಒರಸಿದ್ದೆ. ನೋಡು, ಮತ್ತ ಹೆಂಗ ಕುಂತೈತಿ. ಹಿಂದಿನ ತೂತು ಸೈತ ಬಿಟ್ಟಿಲ್ಲ, ಬತ್ತಿ ಮಾಡಿ ಒರಸೀನಿ."

ನಾ ಕೈಯಾಗಿನ ನೀರಿನ ಚಂಬು ಕೆಳಗಿಟ್ಟೆ. "ತೂತು ಒರಸಿದ್ರಿ? ವೈರ್ ಇದ್ದಾಗ ಹೆಂಗ ಒರಸಾಕ ಬರ್ತೈತಿ?"

"ತಗದು ಒರಸಬೇಕು. ಪೂಜಿ ದಿನ ಡಬ್ಬಿ ಥಳಥಳ ಅನಬೇಕು ಅಂತ ಈರಣ್ಣನ ಆರ್ಡರ್. ಮುಂಜಾನಿ ಆಫ್ ಮಾಡಿ ಎಲ್ಲಾ ತಗದು ಒರಸ್ತೀನಿ. ಪೂಜಿ ಆದ ಮ್ಯಾಲ ಹಚ್ಚತೀನಿ. ಹಳೆ ಕಂಪ್ಯೂಟರ್ ಇದ್ದಾಗಿಂದ ಅಮಾಸಿಗೊಮ್ಮೆ ಇದ ಕೆಲಸ."

"ಹಚ್ಚುವಾಗ ಯಾವುದು ಎಲ್ಲಿ ಅಂತ ನೋಡ್ತೀರೇನ್ರಿ?"

"ಹಳೇದರಾಗ ಒಂದರ ವೈರ್ ಇನ್ನೊಂದರಾಗ ಹೋಗ್ತಿದ್ದಿಲ್ಲ. ಇದರಾಗ ತೂತೂ ಒಂದ ನಮೂನಿ, ವೈರೂ ಒಂದ ನಮೂನಿ. ಹೋದಲ್ಲಿ ಹಾಕ್ತೀನಿ. ಯಾಕ?"

ಕಂಪ್ಯೂಟರ್ ಆಫ್ ಮಾಡಿದೆ. ಹಿಂದ ಹೋಗಿ ಎರಡು ವೈರ್ ಕಿತ್ತು ಅದಲು ಬದಲು ಹಾಕಿ ಕಂಪ್ಯೂಟರ್ ಆನ್ ಮಾಡಿದೆ. ಇಪ್ಪತ್ತೈದು ಟನ್. ಮತ್ತ ಅದಲು ಬದಲು ಮಾಡಿದೆ. ಸೊನ್ನಿ. ಮತ್ತ ಮಾಡಿದೆ. ಇಪ್ಪತ್ತೈದು ಟನ್.

ಆಗಿದ್ದಿಷ್ಟು. ಲಿನಕ್ಸ್ ಯಾವ ತೂತಿನಾಗಿದ್ದುದು ಮೊದ್ಲ ಸಿಗ್ತೈತೋ ಅದಕ್ಕ ಸೊನ್ನಿ ನಂಬರ್ ಕೊಡ್ತೈತಿ. ವೈರ್ ಅದಲು ಬದಲಾದ್ರ ನಂಬರ್ ಅದಲು ಬದಲು. ಒಳಗಿದ್ದ ವಿಂಡೋಸ್ ಪಾಪ, ತೂಕ ಬರ್ತೈತಿ ಅಂತ ಬೋರ್ಡಿನ ವೈರಿಗೆ ಕಿವಿ ಕೊಟ್ಟು ಕುಂತಿತ್ತು. ಯಾವ ಅಮಾಸಿಗೆ ವೈರ್ ಸರಿ ಕುಂತ್ವೋ ಆ ತಿಂಗಳು ನಡೀತು. ಕುಂದರ್ಲಿಲ್ಲ, ಕೆಡ್ತು. ನಾ ಎರಡು ಸಲ ರಿಪೇರಿ ಮಾಡಿದ್ದೂ ಹಂಗ, ಕಿತ್ತು ಹಾಕುವಾಗ ತಾನ ಸರಿ ಬಿದ್ದಿತ್ತು. ಒಂದ ನಮೂನಿ ವೈರ್ ತಂದವ ನಾನು. ಗುರುತು ಹಾಕದವ ನಾನು. ಅವರಿಗೆ ಒಂದು ಮಾತು ಹೇಳದವ ನಾನು.

ಹೊರಗಿನ ಬೋರ್ಡಿನಾಗ ತೂಕ ಕಂಡ ಕೂಡ್ಲೇ ಲಾರಿಯವ್ರು ಹಾರ್ನ್ ಹೊಡದ್ರು. ಈರಣ್ಣ ಓಡಿ ಬಂದ, ಹಿಂದ ಡ್ರೈವರ್ ಮಂದಿ ಏಳೆಂಟು ಜನ. "ಏನಾಗಿತ್ತಲೇ?"

"ವೈರ್ ಅದಲು ಬದಲಾಗಿದ್ವು," ಅಂದೆ.

"ಯಾರು ಮಾಡಿದ್ದು?"

ನಾ ಬಾಯಿ ತಗಿಯಾಕಿಂತ ಮೊದ್ಲ ಮಾಬುಸಾಬ್ರು ಅಂದ್ರು, "ನಾನ ಒರಸಿ ಹಚ್ಚಿದ್ದು."

ಈರಣ್ಣ ಡ್ರೈವರ್ ಮಂದಿ ಕಡಿ ಹೊಳ್ಳಿದ. "ಕೇಳಿದ್ರಲ್ಲಪ್ಪ. ಅವನ ಬಾಯಿಂದನ ಬಂತು. ಪೂಜಿ ದಿನ ವೈರ್ ತಿರುವಿ ಇಡ್ತಾನ, ನಾವು ದೇವರಿಗೆ ಬೂದಗುಂಬಳ ಒಡಿತೀವಿ. ಕಳ್ಳಗ ಕಾಟಾ ಕೊಟ್ಟಂಗಾತು."

ಒಬ್ಬ ನಕ್ಕ. ಮಾಬುಸಾಬ್ರು ನನ್ನ ಕಡಿ ನೋಡಿದ್ರು. ಆ ಹೊತ್ತಿನಾಗ ನಾ ಹೇಳಬೇಕಿತ್ತು. ಎರಡು ಮಾತಿನ ಕೆಲಸ. ನಾ ಕೀಬೋರ್ಡ್ ಒರಸ್ಕೋಂತ ಕುಂತೆ. ನನ್ನ ಕೆಲಸ ಹೋಗ್ತೈತಿ ಅಂತ ಹೆದರಿದೆ, ಬ್ಯಾರೆ ಏನಿಲ್ಲ. ಅವ್ರು ಹಾಸಿಗಿ ಸುತ್ತಿಕೊಂಡು, ಡಬ್ಬಿ ಹಿಡಕೊಂಡು, ಸಿರುಗುಪ್ಪದ ಕಡಿ ಹೋಗಾ ಲಾರಿ ಹತ್ತಿ ಹೋದ್ರು.

ನಾಕು ದಿನ ಖೋಲಿಗೆ ಬಂದ್ರ ನಿದ್ದಿ ಹತ್ತವಲ್ದು. ಯಾರಿಗರ ಹೇಳೇನಂದ್ರ ಹೇಳಾಕ ಯಾರದಾರ.

ಐದನೇ ದಿನ ಇನ್ನೊಂದು ಕಂಪನಿ ಕನ್ವರ್ಟರ್ ತಗೊಂಡು ಕಾಟಾಕ್ಕ ಹೋದೆ. ಎರಡೂ ಒಂದ ನಮೂನಿ ಇದ್ರ ಲಿನಕ್ಸಿಗೆ ಯಾವುದು ಯಾವುದು ಗೊತ್ತಾಗಂಗಿಲ್ಲ. ಬ್ಯಾರೆ ಬ್ಯಾರೆ ಇದ್ರ ಅವಕ್ಕ ಒಂದೊಂದು ಹೆಸರು ಬರದಿಡಾಕ ಬರ್ತೈತಿ. ಇದು ತೂಕದ್ದು, ಇದು ಬೋರ್ಡಿಂದು ಅಂತ. ಆಮ್ಯಾಲ ಯಾವ ತೂತಿಗೆ ಹಾಕಿದ್ರೂ ಹೆಸರು ಬದಲಾಗಂಗಿಲ್ಲ. ಎರಡು ಸಾಲು ಬರದೆ, ವರ್ಚುವಲ್ ಮಷಿನ್ ಸೆಟ್ಟಿಂಗಿನಾಗ ನಂಬರ್ ತಗದು ಆ ಹೆಸರು ಹಾಕಿದೆ. ಅರ್ಧ ತಾಸಿನ ಕೆಲಸ. ಕ್ಯಾಬಿನ್‌ನಾಗ ಹೊಸಬ ಒಬ್ಬ ಕುಂತಿದ್ದ.

ಅಲ್ಲಿಂದ ಸೀದಾ ಗಾಂಧಿನಗರದಾಗಿದ್ದ ಸಾವುಕಾರ್ರ ಮನಿಗೆ ಹೋದೆ. ತಪ್ಪು ನಂದ್ರಿ ಅಂತ ಎಲ್ಲಾ ಹೇಳಿದೆ. ಅವ್ರು ಪೇಪರ್ ಮಡಚಿ ಕೇಳಿದ್ರು, "ಈಗ ಕಾಟಾ ನಡ್ಯಾಕ ಹತ್ತೈತಿಲ್ಲ?"

"ಹತ್ತೈತ್ರಿ. ಆದ್ರ ಮಾಬುಸಾಬ್ರದು ತಪ್ಪಿಲ್ರಿ."

"ಅವ ವೈರ್ ಕಿತ್ತಿದ್ದು ಸುಳ್ಳೇನು?"

"ಪೂಜಿಗೆ ಒರಸಾಕ ಕಿತ್ತಿದ್ದ್ರಿ. ಈರಣ್ಣನ ಹೇಳಿದ್ದ್ರಿ."

"ಒರಸು ಅಂದ್ರ ಕೀಳು ಅಂತೇನಲೇ?" ಅಂದ್ರು. ಆಮ್ಯಾಲ ಸ್ವಲ್ಪ ಮೆತ್ತಗಾಗಿ, "ಹೊಸಬ ಬಂದಾನ. ಅವನ್ನ ಏನಂತ ಬಿಡಸ್ಲಿ? ನೀ ಖರೆ ಹೇಳಿದ್ಯಲ್ಲ, ಒಳ್ಳೇದಾತು. ಚಾ ಕುಡದು ಹೋಗು."

ಚಾ ಕುಡೀಲಿಲ್ಲ. ಐತವಾರ ಸಿರುಗುಪ್ಪ ಬಸ್ ಹತ್ತಿದೆ. ಬಸ್‌ಸ್ಟ್ಯಾಂಡ್ ಹಿಂದಿನ ಓಣ್ಯಾಗ ಕೇಳ್ಕೋಂತ ಹೋದ್ರ ಮಗಳ ಮನಿ ಸಿಕ್ತು. ಮಾಬುಸಾಬ್ರು ಕಟ್ಟಿ ಮ್ಯಾಲ ಕುಂತು ಟೇಬಲ್ ಫ್ಯಾನಿನ ಜಾಳಿಗಿ ಬಿಚ್ಚಿ ಒರಸಾಕ ಹತ್ತಿದ್ರು. ನನ್ನ ನೋಡಿ ಬಟ್ಟಿ ಕೆಳಗಿಟ್ರು.

ನಿಂತ ಎಲ್ಲಾ ಹೇಳಿದೆ. ಫೋನಿನಾಗ ಯಾರೋ ಕೈ ಆಡಿಸ್ಯಾರ ಅಂದಿದ್ದನ್ನೂ ಹೇಳಿದೆ.

"ಎರಡು ವೈರ್ ಬ್ಯಾರೆ ಬ್ಯಾರೆ ಕೆಲಸದ್ದು ಅಂತ ನಂಗ ಒಂದು ಮಾತು ಹೇಳಿದ್ರ ಮುಗೀತಿತ್ತಲ್ಲೋ," ಅಂದ್ರು. "ಒಂದಕ್ಕ ದಾರ ಕಟ್ಟಿ ಇಡ್ತಿದ್ದೆ."

ನಾ ಕಟ್ಟಿ ತುದಿಗೆ ಕುಂತೆ.

"ಸಾವುಕಾರ್ರಿಗೆ ಹೇಳಿದೆ ಚಾಚಾ. ತಪ್ಪು ನಂದು ಅಂತ."

"ಹೇಳುವಾಗ ಯಾರ್ಯಾರಿದ್ರು?"

"ಅವರೊಬ್ಬರ."

"ಈರಣ್ಣ?"

"ಇಲ್ರಿ."

"ಡ್ರೈವರ್ ಮಂದಿ?"

"ಇಲ್ರಿ."

ಅವ್ರು ಜಾಳಿಗಿ ಎತ್ತಿ ಬೆಳಕಿಗೆ ಹಿಡದು ನೋಡಿದ್ರು. "ನನ್ನ ಕಳ್ಳ ಅಂದಾಗ ಎಲ್ಲಾರೂ ಇದ್ರು," ಅಂದ್ರು. ಬೈಲಿಲ್ಲ. ಮಗಳು ಚಾ ತಂದ್ಲು. ಕುಡದು ಬಂದೆ.

ಮುಂದಿನ ಅಮಾಸಿಗೆ ಯಾರೂ ಕರೀದ ಕಾಟಾಕ್ಕ ಹೋದೆ. ಪೂಜಿ ಆಗಿತ್ತು, ಬೂದಗುಂಬಳ ಒಡದಿತ್ತು, ಈರಣ್ಣ ಮಂಡಕ್ಕಿ ಹಂಚಾಕ ಹತ್ತಿದ್ದ. ಡ್ರೈವರ್ ಮಂದಿ ಹದಿನೈದು ಇಪ್ಪತ್ತು ಜನ. ನಾ ಕಾಟಾದ ಕಬ್ಬಿಣದ ಮ್ಯಾಲ ಹತ್ತಿ ನಿಂತೆ. ನಂಗ ಹತ್ತು ಮಂದಿ ಮುಂದ ಮಾತಾಡಿ ಗೊತ್ತಿಲ್ಲ.

"ಕಾಟಾ ಕೆಡ್ತಿದ್ದುದು ನನ್ನ ತಪ್ಪಿಂದ. ಒಂದ ನಮೂನಿ ವೈರ್ ಹಾಕಿದ್ದೆ. ಮಾಬುಸಾಬ್ರು ಪೂಜಿಗೆ ಅಂತ ಒರಸಿ ಹಚ್ಚಿದ್ರು. ಅವ್ರು ಕಳ್ಳ ಅಲ್ಲ. ಅವತ್ತು ನಂಗ ಗೊತ್ತಿತ್ತು, ಹೇಳ್ಲಿಲ್ಲ," ಅಂದೆ.

ಈರಣ್ಣ ಮಂಡಕ್ಕಿ ಪುಟ್ಟಿ ಹಿಡಕೊಂಡು ನಿಂತಿದ್ದ. ಹಿಂದಿಂದ ಒಬ್ಬ ಡ್ರೈವರ್ ಕೇಳಿದ, "ಆತು ಬಿಡಪ್ಪ. ಈಗ ತೂಗಾಕ ಶುರು ಮಾಡ್ತಾರೋ ಇಲ್ಲೋ? ಕೆಳಗಿಳಿ, ನಿನ್ನ ತೂಕಾನೂ ಚೀಟ್ಯಾಗ ಬಂದೀತು." ಎಲ್ಲಾರೂ ನಕ್ರು. ನಾ ಇಳದೆ.

ಅವತ್ತ ಸಂಜಿಗೆ ಸುದ್ದಿ ಕೇಳಿದ ಅಂಗಡಿ ಮಾಲಕ ಕರದು, ಬ್ಯಾರೆ ಕೆಲಸ ನೋಡ್ಕ ಅಂದ. ಈಗ ಸ್ವಂತ ತಿರುಗ್ತೀನಿ, ರೈಸ್ ಮಿಲ್ಲು, ಜೀನ್ಸ್ ಹೊಲಿಯಾ ಕಡಿ, ಕರದಲ್ಲಿ ಹೋಗ್ತೀನಿ. ಆ ಕಾಟಾ ಆಮ್ಯಾಲ ಕೆಡ್ಲಿಲ್ಲ ಅಂತ ಕೇಳಿದೆ. ಸಿರುಗುಪ್ಪಕ್ಕ ಮತ್ತ ಹೋಗ್ಲಿಲ್ಲ. ಎಲ್ಲಾರ ಮುಂದ ಹೇಳಿದೆ ಅಂತ ಹೇಳಾಕ ಹೋದ್ರ ಶಾಭಾಷ್ ಅನಿಸಿಕೊಳ್ಳಾಕ ಹೋದಂಗ. ಲಾರಿಯವ್ರು ಯಾರರ ಅವರಿಗೆ ಹೇಳಿರಬೇಕು. ಹೇಳಿರ್ಲಿಕ್ಕಿಲ್ಲ. ಗೊತ್ತಿಲ್ಲ.

ಈ ಕೆಲಸದಾಗ ನಾ ಕಲ್ತಿದ್ದು ಒಂದ. ಎಲ್ಲಿಗೆ ಹೋದ್ರೂ ಮಷಿನ್ ಮುಟ್ಟಾಕಿಂತ ಮೊದ್ಲ ಅದರ ಮುಂದ ದಿನಾ ಕುಂದ್ರಾ ಮನುಷ್ಯಾನ ಹತ್ರ ಕುಂದರ್ತೀನಿ, ನಿನ್ನೆ ಮುಂಜಾನಿಂದ ಏನೇನ್ ಮಾಡಿದ್ರಿ ಹೇಳ್ರಿ ಅಂತ ಕೇಳ್ತೀನಿ. ಲಾಗ್ ಆಮ್ಯಾಲ ಓದ್ತೀನಿ. ಹೇಳಾದು ಇಷ್ಟ ಇತ್ತು. ಇನ್ನೇನಿಲ್ಲ.